ಕೀಡಿಗೆ ಬದು ಗೊತ್ತಿಲ್ಲ

ಮುಧೋಳ ಅಂದಕೂಡಲೇ ಎಲ್ಲರಿಗೂ ಬಾಗಲಕೋಟೆ ಕಡೆಯ ಬೇಟೆನಾಯಿ ನೆನಪಾಗುತ್ತದೆ. ನಮ್ಮದು ಆ ಮುಧೋಳ ಅಲ್ಲ, ಸೇಡಂ ತಾಲೂಕಿನದು. ತೆಲಂಗಾಣದ ಗಡಿ ಹತ್ತಿರದ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಅರ್ಧ ತೆಲುಗು, ಹೊಲದಲ್ಲಿ ಪೂರಾ ತೊಗರಿ. ನನಗೆ ಮೂರು ಎಕರೆ ಕರಿ ಭೂಮಿ. ಎಲ್ಲ ಮಳೆ ನಂಬಿದ ಬೆಳೆ.

ಸಂಬಳ ಇಲ್ಲದ ಕೆಲಸಕ್ಕೆ ಹೋಗಿ ನಾನು ಏನು ಪಡೆದೆ ಅಂತ ಬರೆಯಬೇಕೆಂದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಸಮಾಜಸೇವಕ ಅಲ್ಲ. ಮೂರು ವರ್ಷದ ಹಿಂದೆ ಯಾರಾದರೂ ಗ್ರಾಮಸಭೆಗೆ ಕರೆದರೆ "ಅಲ್ಲಿ ಹೋದ್ರ ಕೂಲಿ ಕೊಡ್ತಾರೇನ್ರೀ?" ಅಂತ ಕೇಳುತ್ತಿದ್ದವನು.

2022ರ ಏಟು

2022-23ರ ಹಂಗಾಮು ನಮ್ಮ ಜಿಲ್ಲೆಯ ತೊಗರಿ ರೈತರು ಮರೆಯುವಂಥದ್ದಲ್ಲ. ನೆಟೆ ರೋಗ ಬಿದ್ದು ಹೂ, ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗಿದವು. ನನ್ನ ಮೂರು ಎಕರೆಯಲ್ಲಿ ಎರಡು ಎಕರೆ ಹೋಯಿತು. ಮರುವರ್ಷ 2023ರಲ್ಲಿ ಬರ. ಎರಡು ವರ್ಷದ ಸಾಲ ತಲೆ ಮೇಲೆ ಕುಳಿತಿತ್ತು.

2024ರಲ್ಲಿ ಬೆಳೆ ಚಲೋ ಬಂತು. ದೀಪಾವಳಿ ದಾಟುವಾಗ ಹೊಲ ಹಳದಿ ಹೂವಿನಿಂದ ತುಂಬಿತ್ತು. ಜೊತೆಗೆ ಕಾಯಿಕೊರಕ ಕೀಡಿಯೂ ಬಂತು. ಈ ವರ್ಷವೂ ಹೋದರೆ ಹೊಲ ಲಾವಣಿಗೆ ಹಾಕಿ ಊರು ಬಿಡುವುದೊಂದೇ ದಾರಿ ಅನ್ನಿಸಿತ್ತು. ಎಣ್ಣೆ ಹೊಡೆಯೋಣ ಅಂದರೆ ಉದ್ರಿ ಕೊಡುವವರಿಲ್ಲ. ಆಳು ಹಚ್ಚೋಣ ಅಂದರೆ ಆಳಿಲ್ಲ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆ ಕಡೆ ಹೋದ ಹುಡುಗರು ಹೊಲಕ್ಕೆ ಬರುವುದಿಲ್ಲ.

ಆಗ ನಮ್ಮ ಓಣಿಯ ಕಾಕಾ ಒಬ್ಬರು ಕಟ್ಟೆ ಮೇಲೆ ಕುಳಿತು ಹಳೆ ಸಂಗತಿ ತೆಗೆದರು. 1997-98ರಲ್ಲಿ ಕಲಬುರಗಿ, ಬೀದರ ಭಾಗದ ತೊಗರಿಗೆ ಇದೇ ಕೀಡಿ ಭಾಳ ಬಿದ್ದಿತ್ತು. ಎಷ್ಟು ಎಣ್ಣೆ ಹೊಡೆದರೂ ಸಾಯಲಿಲ್ಲ. ಆಗ ಗಿಡ ಅಲ್ಲಾಡಿಸಿ ಹುಳ ಕೆಡವುವ ಪದ್ಧತಿ ಹಿಡಿದವರು ಅಷ್ಟಿಷ್ಟು ಬೆಳೆ ಉಳಿಸಿಕೊಂಡರು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳೂ ರೈತರ ಈ ಪದ್ಧತಿಯನ್ನು ಒಪ್ಪಿ ಬೇರೆ ಕಡೆಗೂ ಹೇಳಿದ್ದಾರೆ.

"ಆಳು ಸಿಗಾಂಗಿಲ್ಲ ಅಂತೀರಿ. ನಿಮ್ಮ ಮನ್ಯಾಗ ಇರೋರು ಆಳಲ್ಲೇನು? ಮುಯ್ಯಿ ಮಾಡ್ರಿ" ಅಂದರು ಕಾಕಾ.

ಲೆಕ್ಕ ಹೀಗೆ

ಆರು ಮನೆ ಕೂಡಿದೆವು. ಎಲ್ಲರದೂ ಹೆಚ್ಚು ಕಡಿಮೆ ಮೂರು ಮೂರು ಎಕರೆ. ಮನೆಗೆ ಇಬ್ಬರಂತೆ ಹನ್ನೆರಡು ಮಂದಿ. ಬೆಳಿಗ್ಗೆ ಆರರಿಂದ ಹತ್ತರವರೆಗೆ ದಿನಕ್ಕೆ ಒಬ್ಬರ ಹೊಲ. ಆರು ದಿನಕ್ಕೆ ಒಂದು ಸುತ್ತು, ಮತ್ತೆ ಆರು ದಿನಕ್ಕೆ ಎರಡನೇ ಸುತ್ತು. ಚಹಾ ಹೊಲದವರದು, ರೊಟ್ಟಿ ಅವರವರದು.

ಕೆಲಸ ಸರಳ. ಗೊಬ್ಬರದ ಖಾಲಿ ಚೀಲ ಬಿಚ್ಚಿ, ಉದ್ದಕ್ಕೆ ಹೊಲಿದು ತಾಡಪಾಲಿನಂತೆ ಮಾಡಿಕೊಂಡೆವು. ಇಬ್ಬರು ಅದನ್ನು ಸಾಲಿನ ನಡುವೆ ಗಿಡದ ಬುಡಕ್ಕೆ ಹಾಸುತ್ತಾರೆ. ಇಬ್ಬರು ಗಿಡ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾರೆ. ಬಲಿತ ಕೀಡಿ ಪಟಪಟ ಬೀಳುತ್ತವೆ. ಬಕೆಟ್ಟಿಗೆ ಸುರಿದು ಕೋಳಿಗೆ ಹಾಕಿದೆವು. ಜೋರಾಗಿ ಜಗ್ಗಬಾರದು, ಹೂ ಉದುರುತ್ತದೆ. ಸಾಲು ಅಗಲ ಇದ್ದರೆ ಮಾತ್ರ ಓಡಾಡಲು ಬರುತ್ತದೆ. ಮೊಟ್ಟೆ ಬೀಳುವುದಿಲ್ಲ, ಹೂವಿನೊಳಗೆ ಹೊಕ್ಕ ಸಣ್ಣ ಮರಿ ಬೀಳುವುದಿಲ್ಲ. ಅದಕ್ಕೇ ವಾರ ಬಿಟ್ಟು ಎರಡನೇ ಸುತ್ತು ಬೇಕು.

ಇದರಿಂದ ಎಣ್ಣೆ ಪೂರ್ತಿ ತಪ್ಪಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಒಮ್ಮೆ ಹೊಡೆದೆ. ಆದರೆ ಮೂರು ಸಲ ಹೊಡೆಯುತ್ತಿದ್ದವನು ಒಮ್ಮೆಗೆ ಬಂದೆ.

ತಿರುಗಿ ಕೊಡಲಾರದವರ ಹೊಲ

ಇಲ್ಲಿಯವರೆಗೆ ಇದು ಮುಯ್ಯಿ, ಕೊಟ್ಟು ತಗೊಳ್ಳುವ ವ್ಯವಹಾರ. ಇದಕ್ಕೆ ಸೇವೆ ಅನ್ನಲು ಬರುವುದಿಲ್ಲ. ಜಗಳ ಬಂದದ್ದು ಆಮೇಲೆ.

ನಮ್ಮ ಆರು ಹೊಲದ ನಟ್ಟನಡುವೆ ಒಬ್ಬ ಚಿಗವ್ವನ ಎರಡು ಎಕರೆ ಇದೆ. ಗಂಡ ತೀರಿಕೊಂಡಿದ್ದಾರೆ, ಮಗ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಆಕೆಗೆ ಮೊಣಕಾಲು ನೋವು. ಆಕೆಯ ಹೊಲವನ್ನೂ ಮಾಡೋಣ ಅಂದರು ಕಾಕಾ. "ಆಕಿ ಮುಯ್ಯಿ ತೀರಸಾಕ ಯಾರದಾರ್ರೀ?" ಅಂತ ಕೇಳಿದವನು ನಾನೇ. ಇನ್ನಿಬ್ಬರು ನನ್ನ ಕಡೆಗೇ ನಿಂತರು.

ಕಾಕಾ ಸಿಟ್ಟು ಮಾಡಲಿಲ್ಲ. "ಆಕಿ ಹೊಲದಾಗಿನ ಕೀಡಿ ಪತಂಗ ಆಗಿ ಹಾರಿದ ಮ್ಯಾಲ ಎಲ್ಲಿ ಮೊಟ್ಟಿ ಇಡತಾವ? ನಿನ್ನ ಹೊಲದಾಗ. ಕೀಡಿಗೆ ಬದು ಗೊತ್ತೈತೇನಪ್ಪಾ?" ಅಂದರು.

ನನಗೆ ಉತ್ತರ ಇರಲಿಲ್ಲ. ಎರಡೂ ಸುತ್ತಿನಲ್ಲಿ ಒಂದೊಂದು ಬೆಳಿಗ್ಗೆ ಚಿಗವ್ವನ ಹೊಲಕ್ಕೆ ಹೋದೆವು. ಮೊದಲ ದಿನ ನಾನು ಮನಸ್ಸಿಲ್ಲದೆಯೇ ಹೋದೆ ಅನ್ನುವುದನ್ನೂ ಬರೆಯಬೇಕು.

ಅಲ್ಲಿ ಎರಡು ಸಂಗತಿ ಕಂಡೆ. ತೊಗರಿ ನಡುವೆ ಅಲ್ಲೊಂದು ಇಲ್ಲೊಂದು ಜೋಳದ ದಂಟು ನಿಂತಿದ್ದವು. ಅವುಗಳ ಮೇಲೆ ಹಕ್ಕಿ ಕುಳಿತು ಕೀಡಿ ಆರಿಸುತ್ತಿದ್ದವು. ನಮ್ಮ ಹೊಲದಷ್ಟು ಕೀಡಿ ಆಕೆಯ ಹೊಲದಲ್ಲಿ ಬೀಳಲಿಲ್ಲ. ಎರಡನೆಯದು ಅದಕ್ಕಿಂತ ದೊಡ್ಡದು. "ಚಿಗವ್ವಾ, 2022ರಾಗ ನಿನ್ನ ಹೊಲದಾಗ ಎಷ್ಟು ಸಿಡಿ ಹೋಯ್ತು?" ಅಂತ ಕೇಳಿದೆ.

"ಅಲ್ಲೊಂದು ಇಲ್ಲೊಂದು ಹೋಗಿತ್ತು ತಮ್ಮಾ. ನಾ ಒಂದ ಹೊಲದಾಗ ವರ್ಸಾ ವರ್ಸಾ ತೊಗರಿ ಹಾಕಂಗಿಲ್ಲ. ಒಂದು ವರ್ಸ ಜೋಳ ಬಿತ್ತತೀನಿ. ನಿಮ್ಮ ಮಾವ ಇದ್ದಾಗಿಂದ ಹಂಗ" ಅಂದಳು.

ನೆಟೆ ರೋಗದ ಬೂಷ್ಟು ಮಣ್ಣಿನಲ್ಲೇ ಉಳಿದು, ಮರುವರ್ಷದ ತೊಗರಿಯ ಬೇರಿಗೆ ಹೊಗುತ್ತದೆ. ಜೋಳದೊಂದಿಗೆ ಬೆಳೆ ಬದಲಿಸಿದರೆ, ಇಲ್ಲವೇ ಜೋಳವನ್ನು ಅಕ್ಕಡಿಯಾಗಿ ಹಾಕಿದರೆ ರೋಗ ಕಡಿಮೆಯಾಗುತ್ತದೆ ಅಂತ ಕೃಷಿ ವಿಜ್ಞಾನ ಕೇಂದ್ರದವರೂ ಹೇಳುತ್ತಾರೆ. ಈ ಮಾತು ನನ್ನ ಬದುವಿನ ಆಚೆಗೇ ಇತ್ತು. ಇಷ್ಟು ವರ್ಷ ಬದು ದಾಟಿ ಹೋಗಿ ಕೇಳಿರಲಿಲ್ಲ, ಅಷ್ಟೇ.

ಆ ವರ್ಷ ನನಗೆ ಎಕರೆಗೆ ನಾಲ್ಕು ಕ್ವಿಂಟಲ್ ಬಂತು. ಈಗ ಮೂರರಲ್ಲಿ ಒಂದು ಎಕರೆಗೆ ಸರದಿಯಂತೆ ಜೋಳ ಬಿತ್ತುತ್ತೇನೆ.

ಕೆಲಸ ಎಲ್ಲಿ ಸಿಗುತ್ತದೆ?

ಕೂಡಿದ ಮೇಲೆ ಒಂದೊಂದೇ ಬಾಗಿಲು ತೆರೆಯಿತು. 2025ರ ಆರಂಭದಲ್ಲಿ ತೊಗರಿಯ ಪೇಟೆ ದರ ಇಳಿಯಿತು. ಬೆಂಬಲ ಬೆಲೆ 7,550 ರೂಪಾಯಿ, ರಾಜ್ಯ ಸರ್ಕಾರದ 450 ಸೇರಿ ಕ್ವಿಂಟಲ್‌ಗೆ 8,000 ಅಂತ ಖರೀದಿ ಕೇಂದ್ರ ತೆರೆದರು. ನಾವು ಮೂವರು ಎರಡು ದಿನ ಕೆಲಸ ಬಿಟ್ಟು ಓಣಿಯವರ ಆಧಾರ್, ಪಹಣಿ, ಪಾಸ್‌ಬುಕ್ ಕೂಡಿಸಿ, ನೋಂದಣಿಗೆ ಕರೆದೊಯ್ದೆವು. ಓಡಾಡುವಾಗ ತಿಳಿಯಿತು, ನನ್ನ ಪಹಣಿ ಹೆಸರಿಗೂ ಆಧಾರ್ ಹೆಸರಿಗೂ ತಾಳೆ ಇರಲಿಲ್ಲ. ಮಂದಿಗಾಗಿ ಹೋದದ್ದಕ್ಕೆ ಅದು ಸಮಯಕ್ಕೆ ಕಣ್ಣಿಗೆ ಬಿತ್ತು. ತಿದ್ದಿಸಿಕೊಂಡೆ.

ನಿಮ್ಮ ಊರಲ್ಲೂ ಇಂಥ ಬಾಗಿಲು ಇವೆ:

- ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು ಅಂತ ಕಾಯ್ದೆಯಿದೆ. ಮೊದಲು ಹೋಗಿ ಕುಳಿತು ಕೇಳಿ. ಊರಿಗೆ ಯಾವ ಕೆಲಸಕ್ಕೆ ಕೈ ಬೇಕು ಅನ್ನುವುದು ಅಲ್ಲೇ ತಿಳಿಯುತ್ತದೆ.
- ಸರ್ಕಾರಿ ಶಾಲೆಯ ಎಸ್‌ಡಿಎಂಸಿ. ಮಕ್ಕಳ ತಂದೆ ತಾಯಿಗಳೇ ಇದರ ಸದಸ್ಯರು. ತಿಂಗಳಿಗೆ ಒಂದು ತಾಸು ಕೊಟ್ಟರೂ ಬಿಸಿಯೂಟ, ನೀರು, ಶೌಚಾಲಯದ ಮೇಲೆ ಕಣ್ಣಿಡಬಹುದು.
- ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಕಾಯ್ದೆಯಂತೆ ಪಂಚಾಯತಿಗೊಂದು ಇರಬೇಕು. ಹಳೆ ಬೀಜ, ಗಿಡಮೂಲಿಕೆ ಬಲ್ಲ ಹಿರಿಯರ ಮಾತನ್ನು ದಾಖಲಾತಿಗೆ ಬರೆಸಲು ಓದು ಬಲ್ಲ ಹುಡುಗರು ಬೇಕು.
- ಕೃಷಿ ವಿಜ್ಞಾನ ಕೇಂದ್ರದ ಪ್ರಾತ್ಯಕ್ಷಿಕೆ. ನಿಮ್ಮ ಹೊಲದ ಒಂದು ತುಂಡು ಕೊಡಿ. ಊರವರು ಬಂದು ನೋಡುತ್ತಾರೆ, ಮೊದಲು ಕಲಿಯುವವರು ನೀವೇ.
- ರಕ್ತದಾನ. 18 ವರ್ಷ ತುಂಬಿ, 45 ಕಿಲೋ ತೂಕವಿದ್ದು, ಆರೋಗ್ಯವಾಗಿದ್ದರೆ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ.

ಒಂದು ಎಚ್ಚರಿಕೆ. ಸೇವೆ ಅಂತ ಕರೆದು ಮೊದಲು ದುಡ್ಡು ಕಟ್ಟಿಸಿಕೊಳ್ಳುವವರ ಹತ್ತಿರ ಹೋಗಬೇಡಿ. ಸರ್ಕಾರ ಕೂಲಿ ಕೊಡಬೇಕಾದ ಕೆಲಸವನ್ನು ಶ್ರಮದಾನ ಅಂತ ಮಾಡಿಸಿಕೊಳ್ಳಲು ಬಿಡಬೇಡಿ. ಬಡವನ ಕೂಲಿ ಉಳಿಸಿ ಮಾಡುವುದು ಸೇವೆಯಲ್ಲ. ಇನ್ನೊಂದು, ಬಿತ್ತನೆ ಮತ್ತು ರಾಶಿಯ ದಿನಗಳಲ್ಲಿ ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ. ಒಪ್ಪಿ ತಪ್ಪಿಸುವುದಕ್ಕಿಂತ ಮೊದಲೇ ಒಲ್ಲೆ ಅನ್ನುವುದು ಚಲೋ.

ಎಳ್ಳಮಾಸಿ ದಿನ ಚಿಗವ್ವ ನಮ್ಮ ಆರೂ ಮನೆಯವರನ್ನು ಹೊಲಕ್ಕೆ ಕರೆದಳು. ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಬಡಿಸಿದಳು. ಊಟ ಆದ ಮೇಲೆ ಒಂದು ಸೇರು ಜೋಳದ ಬೀಜ ನನ್ನ ಕೈಗಿಟ್ಟು, "ಮುಯ್ಯಿ ತೀರಿತೇನು ತಮ್ಮಾ?" ಅಂತ ನಕ್ಕಳು. ಕಟ್ಟೆ ಮೇಲೆ ನಾನಾಡಿದ ಮಾತು ಆಕೆಯ ಕಿವಿಗೆ ಬಿದ್ದಿತ್ತು ಅಂತ ಆಗ ಗೊತ್ತಾಯಿತು. ತಲೆ ತಗ್ಗಿಸಿ ಬೀಜ ತಗೊಂಡೆ. ನನ್ನ ಹೊಲದಲ್ಲಿ ಮೊದಲ ಸಲ ಬಿತ್ತಿದ ಜೋಳ ಅದೇ.