ಅಗ್ಗದ ಟಿ.ವಿ.ಯೂ ಆಟದ ಯಂತ್ರವೂ

ವಾರ್ತೆ, ಧಾರಾವಾಹಿ, ಕ್ರಿಕೆಟ್ಟು ಇವುಗಳಿಗಾಗಿ ಟಿ.ವಿ. ಕೊಳ್ಳುತ್ತಿದ್ದ ನಮ್ಮವರ ಬಿಡಾರಗಳಲ್ಲಿ ಈಚೆಗೆ ಇನ್ನೊಂದು ಬೇಡಿಕೆ ತಲೆದೋರಿದೆ. ಕಾಲೇಜಿಗೆ ಹೋಗುವ ಮಗನಿಗೂ, ಹೊಟೇಲಿನ ಪಾಳಿ ಮುಗಿಸಿ ಬಂದ ತರುಣನಿಗೂ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೊದಲಾದ ಆಟದ ಯಂತ್ರಗಳನ್ನು ಜೋಡಿಸಲು ಟಿ.ವಿ. ಬೇಕಾಗಿದೆ. ಉಳಿತಾಯದ ಬಹುಪಾಲು ಯಂತ್ರಕ್ಕೇ ಸಂದುಹೋಗಿರುವುದರಿಂದ ಟಿ.ವಿ.ಗಾಗಿ ಕೈಯಲ್ಲಿ ಮಿಗುವ ಹಣ ಅಲ್ಪ. ಲ್ಯಾಮಿಂಗ್ಟನ್ ರಸ್ತೆಗೋ, ಚೆನ್ನೈಯ ರಿಚಿ ಸ್ಟ್ರೀಟಿಗೋ ಹೋಗಿ ಕಡಿಮೆ ಬೆಲೆಯದನ್ನು ಕೇಳಿದರೆ ಒಬ್ಬ ಅಂಗಡಿಕಾರನು ಅದು ಆಟಕ್ಕೆ ಸರ್ವಥಾ ಆಗದೆಂದು ತಲೆಯಲ್ಲಾಡಿಸಿ, ದುಪ್ಪಟ್ಟು ಬೆಲೆಯದನ್ನು ಕಂತಿನ ಮೇಲೆ ಕೊಡಲು ಮುಂದಾಗುವನು. ಪಕ್ಕದ ಅಂಗಡಿಯವನು, ಎಲ್ಲ ಟಿ.ವಿ.ಯೂ ಒಂದೇ ಎಂದುಬಿಡುವನು. ಎರಡು ಮಾತೂ ಗ್ರಾಹಕನ ಹಿತಕ್ಕಾಗಿ ಆಡಿದವಲ್ಲ. ಅಗ್ಗದ ಟಿ.ವಿ.ಗಳಲ್ಲಿ ಆಟಕ್ಕೆ ಯೋಗ್ಯವಾದವು ಖಂಡಿತವಾಗಿಯೂ ಇವೆ; ಆದರೆ ಅವನ್ನು ಗುರುತಿಸಲು ಡಬ್ಬದ ಮೇಲಿನ ದೊಡ್ಡ ಅಕ್ಷರಗಳು ನೆರವಾಗುವುದಿಲ್ಲ.

ಚಲಚ್ಚಿತ್ರವನ್ನು ನೋಡುವುದಕ್ಕೂ ಆಟವನ್ನು ಆಡುವುದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಚಿತ್ರವು ಪರದೆಗೆ ಸ್ವಲ್ಪ ತಡವಾಗಿ ಬಂದರೂ, ಧ್ವನಿಯೂ ಅದರೊಡನೆಯೇ ಬರುವವರೆಗೆ, ನೋಡುವವನಿಗೆ ಏನೂ ತಿಳಿಯದು. ಆಟದಲ್ಲಿ ಹಾಗಲ್ಲ. ಗುಂಡಿಯನ್ನು ಒತ್ತುವವನು ತಾನೇ. ಒತ್ತಿದ ಕ್ಷಣ ಅವನಿಗೆ ಗೊತ್ತು. ಇಂದಿನ ಟಿ.ವಿ.ಯಾದರೋ ತನಗೆ ಬಂದ ಚಿತ್ರವನ್ನು ಇದ್ದಂತೆಯೇ ತೋರಿಸುವುದಿಲ್ಲ. ಮಸುಕನ್ನು ತಿದ್ದುತ್ತದೆ, ಅಂಚುಗಳನ್ನು ಹರಿತಗೊಳಿಸುತ್ತದೆ, ಕೆಲವೊಮ್ಮೆ ಎರಡು ಚಿತ್ರಗಳ ನಡುವೆ ತಾನೇ ಕಲ್ಪಿಸಿದ ಮೂರನೆಯದೊಂದನ್ನು ಸೇರಿಸುತ್ತದೆ. ಈ ಶೃಂಗಾರಕ್ಕೆ ಸಮಯ ಬೇಕು. ಸೆಕೆಂಡಿಗೆ ೬೦ ಚಿತ್ರಗಳ ಆಟದಲ್ಲಿ ಒಂದೊಂದು ಚಿತ್ರದ ಆಯುಷ್ಯ ಸುಮಾರು ೧೭ ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದಲ್ಲಿ ೧೭ ಪಾಲು ಮಾತ್ರ. ಸಂಸ್ಕರಣದ ವಿಲಂಬವು ೧೦೦ ಮಿಲಿಸೆಕೆಂಡು ಆಯಿತೆಂದರೆ ಆಟಗಾರನು ಆರು ಚಿತ್ರಗಳಷ್ಟು ಹಿಂದಿನ ಲೋಕವನ್ನು ನೋಡುತ್ತಿರುತ್ತಾನೆ. ಕ್ರಿಕೆಟ್ ಆಟದಲ್ಲಿ ಚೆಂಡು ದಾಟಿದ ಮೇಲೆ ಬ್ಯಾಟು ಬೀಸುವುದು ಹೀಗೆಯೇ. ದೋಷ ಹುಡುಗನ ಕೈಯದೆಂದು ನಾವು ನಗುತ್ತೇವೆ.

ಹಳೆಯ ಕಾಲದ ಗಾಜಿನ ಕೊಳವೆಯ ಟಿ.ವಿ.ಗಳಲ್ಲಿ ಈ ತೊಂದರೆ ಇರಲಿಲ್ಲವೆಂದೇ ಹೇಳಬಹುದು. ೧೯೮೪ರಲ್ಲಿ ಬಂದ ಡಕ್ ಹಂಟ್ ಎಂಬ ಬಾತುಕೋಳಿ ಬೇಟೆಯ ಆಟವನ್ನು ಬಲ್ಲ ವಾಚಕರು ಇರಬಹುದು. ಪ್ಲಾಸ್ಟಿಕ್ ಬಂದೂಕಿನ ಕುದುರೆಯನ್ನೆಳೆದೊಡನೆ ಪರದೆಯು ಕಣ್ಣಿಗೆ ಕಾಣದಷ್ಟು ಹೊತ್ತು ಕಪ್ಪಾಗಿ, ಹಕ್ಕಿಯಿದ್ದ ಸ್ಥಳದಲ್ಲಿ ಬಿಳಿಯ ಚೌಕವೊಂದು ಮಿನುಗುತ್ತಿತ್ತು. ಬಂದೂಕಿನೊಳಗಿನ ಬೆಳಕಿನ ಕಣ್ಣು ಅದನ್ನು ಅದೇ ಗಳಿಗೆಯಲ್ಲಿ ಕಂಡರೆ ಬೇಟೆ ಸಿಕ್ಕಿತು. ಆ ಬಂದೂಕನ್ನು ಇಂದಿನ ಚಪ್ಪಟೆ ಪರದೆಗೆ ಹಿಡಿದರೆ ಒಂದು ಬಾತೂ ಬೀಳದು. ಮಿನುಗು ಬಂದೂಕಿನ ನಿರೀಕ್ಷೆಗಿಂತ ತಡವಾಗಿ ಬರುವುದೇ ಇದಕ್ಕೆ ಒಂದು ಮುಖ್ಯ ಕಾರಣ.

ಆದುದರಿಂದ ಅಗ್ಗದ ಟಿ.ವಿ.ಯಲ್ಲಿ ಮೊಟ್ಟಮೊದಲು ನೋಡತಕ್ಕದ್ದು ‘ಗೇಮ್ ಮೋಡ್’ ಎಂಬ ಏರ್ಪಾಡು. ಅದನ್ನು ಹಚ್ಚಿದೊಡನೆ ಟಿ.ವಿ.ಯು ತನ್ನ ಸಂಸ್ಕರಣವನ್ನು ಬಹುಮಟ್ಟಿಗೆ ಕೈಬಿಡುತ್ತದೆ. ವಿಲಂಬವು ೧೦ರಿಂದ ೨೦ ಮಿಲಿಸೆಕೆಂಡಿನಷ್ಟಕ್ಕೆ ಇಳಿದರೆ ಸಾಮಾನ್ಯ ಆಟಗಾರನಿಗೆ ಕೊರತೆಯೇನೂ ಕಾಣದು. ಆದರೆ ಕೆಲವು ತಯಾರಕರು ಹೆಸರನ್ನಷ್ಟೇ ಇಟ್ಟು ಬಣ್ಣವನ್ನು ಮಾತ್ರ ಗಾಢಗೊಳಿಸಿ ಸುಮ್ಮನಾಗುವುದುಂಟು. ಪರೀಕ್ಷೆ ಕಠಿನವಲ್ಲ. ಯಂತ್ರವನ್ನು ಅಂಗಡಿಗೇ ಒಯ್ದು, ಆ ಏರ್ಪಾಡನ್ನು ಒಮ್ಮೆ ಹಚ್ಚಿ, ಒಮ್ಮೆ ತೆಗೆದು, ಯಂತ್ರದ ಪಟ್ಟಿಯಲ್ಲಿ ಗುಂಡಿಯೊತ್ತಿ ಅತ್ತಿತ್ತ ಸರಿದಾಡಬೇಕು. ಕೈಗೆ ವ್ಯತ್ಯಾಸ ತಿಳಿಯದೆ, ಎರಡು ಬಾರಿಯೂ ಚಲನೆ ಜಡವಾಗಿಯೇ ಕಂಡರೆ ಆ ಟಿ.ವಿ.ಯನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಆನ್‌ಲೈನಿನಲ್ಲಿ ತರಿಸಿದವರು ಮನೆಯಲ್ಲಿ ಲ್ಯಾಪ್‌ಟಾಪನ್ನು ಜೋಡಿಸಿ, ಎರಡು ಪರದೆಗಳ ಮೇಲೂ ಒಂದೇ ಸ್ಟಾಪ್‌ವಾಚನ್ನು ಓಡಿಸಿ, ಮೊಬೈಲಿನಿಂದ ಎರಡನ್ನೂ ಸೇರಿಸಿ ಐದಾರು ಫೋಟೋ ತೆಗೆಯಲಿ. ಅಂಕೆಗಳ ಅಂತರವೇ ಟಿ.ವಿ.ಯ ವಿಲಂಬದ ಸ್ಥೂಲವಾದ ಲೆಕ್ಕ. ಇದನ್ನು ಮರಳಿಸುವ ಅವಧಿ ಮುಗಿಯುವ ಮುನ್ನವೇ ಮಾಡಬೇಕೆಂದು ಹೇಳಬೇಕಾಗಿಲ್ಲ.

ಇನ್ನು ಅಂಗಡಿಕಾರನ ಪ್ರಿಯವಾದ ‘೧೨೦ ಹರ್ಟ್ಸ್’ ಎಂಬ ಮಾತು. ಅಗ್ಗದ ಟಿ.ವಿ.ಗಳು ಬಹುತೇಕ ಸೆಕೆಂಡಿಗೆ ೬೦ ಚಿತ್ರಗಳನ್ನು ತೋರಿಸತಕ್ಕವು. ಇದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ೨೦೧೩ರ ಪ್ಲೇಸ್ಟೇಷನ್ ೪ ಆಗಲಿ, ೨೦೧೭ರ ನಿಂಟೆಂಡೊ ಸ್ವಿಚ್ ಆಗಲಿ ೬೦ಕ್ಕಿಂತ ಹೆಚ್ಚಿನದನ್ನು ಟಿ.ವಿ.ಗೆ ಕಳಿಸಲಾರವು. ನಮ್ಮ ದೇಶಕ್ಕೆ ೨೦೨೧ರ ಫೆಬ್ರವರಿಯಲ್ಲಿ ಬಂದ ಪ್ಲೇಸ್ಟೇಷನ್ ೫ಕ್ಕೆ ೧೨೦ರ ಶಕ್ತಿಯಿದೆ. ಆದರೂ ಅದರ ಆಟಗಳಲ್ಲಿ ಹೆಚ್ಚಿನವು ನಡೆಯುವುದು ೩೦ ಅಥವಾ ೬೦ರಲ್ಲಿಯೇ. ಗುಂಡು ಹಾರಿಸುವ ಸ್ಪರ್ಧೆಯ ಆಟಗಳಲ್ಲಿ ಪಂದ್ಯ ಕಟ್ಟುವವರ ಮಾತು ಬೇರೆ. ಅವರು ಹೆಚ್ಚು ಹಣ ಕೂಡಿಸಿಕೊಂಡೇ ಹೋಗಲಿ. ‘ಮೋಷನ್ ೨೦೦’ ಎಂಬಂತಹ ಬಿರುದುಗಳು ಪರದೆಯ ನಿಜವಾದ ವೇಗವನ್ನು ಹೇಳುವುದಿಲ್ಲ. ‘ಎಚ್.ಡಿ.ಎಂ.ಐ. ೨.೧’ ಎಂಬ ಮುದ್ರೆಯೂ ಅಷ್ಟೇ: ಅದರ ವಿಶೇಷ ಗುಣಗಳೆಲ್ಲ ಐಚ್ಛಿಕವಾದುದರಿಂದ, ಮುದ್ರೆಯಿದ್ದ ಮಾತ್ರಕ್ಕೆ ೧೨೦ ಬರುವುದೆಂಬ ಭರವಸೆಯಿಲ್ಲ.

‘ಫೋರ್ ಕೆ’ ವಿಷಯದಲ್ಲಿ ನಮ್ಮ ಖೋಲಿಗಳ ಅಳತೆಯೇ ತೀರ್ಪುಗಾರ. ೪೩ ಅಂಗುಲದ ಪರದೆಯನ್ನು ಆರು ಅಡಿಗಿಂತ ದೂರದಿಂದ ನೋಡುವವನ ಕಣ್ಣಿಗೆ ‘ಫುಲ್ ಎಚ್.ಡಿ.’ಗೂ ‘ಫೋರ್ ಕೆ’ಗೂ ಭೇದ ತಿಳಿಯುವುದು ಕಷ್ಟ. ಆದರೆ ಅತಿ ಅಗ್ಗದ ೩೨ ಅಂಗುಲದ ‘ಎಚ್.ಡಿ. ರೆಡಿ’ ಟಿ.ವಿ.ಗಳಿಂದ ದೂರವಿರುವುದು ಒಳ್ಳೆಯದು. ಅವುಗಳಲ್ಲಿ ನಿಲುವಿನ ಗೆರೆಗಳು ಸಾಮಾನ್ಯವಾಗಿ ೭೬೮; ಆಟದ ಯಂತ್ರ ಕಳಿಸುವುದಾದರೋ ೭೨೦ ಅಥವಾ ೧೦೮೦. ಹೇಗೆ ಕಳಿಸಿದರೂ ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸಬೇಕಾಗಿ, ಆಟದ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ೩೨ ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ.ಯು ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡಾ ೨೮ರಿಂದ ೧೮ಕ್ಕೆ ಇಳಿದುದರಿಂದ ಚಿಕ್ಕದಕ್ಕೂ ದೊಡ್ಡದಕ್ಕೂ ಇದ್ದ ತೆರಿಗೆಯ ಭೇದವೂ ಅಳಿದಿದೆ.

‘ಎಚ್.ಡಿ.ಆರ್.’ ಎಂಬುದು ಅಗ್ಗದ ಟಿ.ವಿ.ಯಲ್ಲಿ ಹೆಸರಿಗೆ ಮಾತ್ರ. ಆ ಸಂಕೇತವನ್ನು ಅದು ಸ್ವೀಕರಿಸುತ್ತದೆ, ತೋರಿಸಲು ಬೇಕಾದಷ್ಟು ಬೆಳಕು ಅದರಲ್ಲಿಲ್ಲ. ಆಟ ಮಂಕಾಗಿ ಕಂಡರೆ ಯಂತ್ರದ ಏರ್ಪಾಡಿನಲ್ಲಿ ಅದನ್ನು ತೆಗೆದುಬಿಟ್ಟರಾಯಿತು.

ಪರದೆಯ ಜಾತಿಯನ್ನು ಕುರಿತು ಒಂದು ಮಾತು. ‘ವಿ.ಎ.’ ಎಂಬ ಬಗೆಯಲ್ಲಿ ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತದೆ, ಆದರೆ ಓರೆಯಿಂದ ನೋಡಿದವರಿಗೆ ಬಣ್ಣ ಬಿಳಚಿಕೊಳ್ಳುತ್ತದೆ. ‘ಐ.ಪಿ.ಎಸ್.’ ಬಗೆಯಲ್ಲಿ ಕಪ್ಪು ಬೂದಿಯಂತಿದ್ದರೂ ಬದಿಯಿಂದ ಚಿತ್ರ ಕೆಡುವುದಿಲ್ಲ. ಒಬ್ಬನೇ ಎದುರು ಕುಳಿತು ಆಡುವುದಾದರೆ ಮೊದಲನೆಯದು. ಐದಾರು ಜನ ಗೋಡೆಯುದ್ದಕ್ಕೂ ಒರಗಿ ಸರದಿಗಾಗಿ ಕಾಯುವ ಕೋಣೆಯಾದರೆ ಎರಡನೆಯದು. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ ಇದು ಹೆಸರಿಲ್ಲದೆಯೂ ತಿಳಿಯುತ್ತದೆ.

ಮನೆಗೆ ತಂದ ಮೇಲೆ ಆಟದ ಯಂತ್ರವನ್ನೇ ಸಾಕ್ಷಿಗೆ ಕರೆಯಬಹುದು. ಪ್ಲೇಸ್ಟೇಷನ್ ೫ರ ಪರದೆ ಮತ್ತು ವಿಡಿಯೊ ವಿಭಾಗದಲ್ಲಿಯೂ, ಎಕ್ಸ್‌ಬಾಕ್ಸಿನ ಟಿ.ವಿ. ವಿವರದ ಪುಟದಲ್ಲಿಯೂ, ಜೋಡಿಸಿದ ಟಿ.ವಿ.ಯು ಏನೇನನ್ನು ಸ್ವೀಕರಿಸಬಲ್ಲದೆಂಬುದು ಬರೆದು ಬರುತ್ತದೆ. ಅಂಗಡಿಕಾರನು ಹೇಳಿದ್ದು ಅಲ್ಲಿ ಕಾಣದಿದ್ದರೆ ಕೂಡಲೇ ಜಗಳಕ್ಕೆ ಹೋಗಬಾರದು. ಹಲವು ಟಿ.ವಿ.ಗಳಲ್ಲಿ ಪ್ರತಿಯೊಂದು ಎಚ್.ಡಿ.ಎಂ.ಐ. ಕಿಂಡಿಗೂ ಪೂರ್ಣಶಕ್ತಿಯನ್ನು ಬೇರೆಯಾಗಿ ಹಚ್ಚಬೇಕಾಗುತ್ತದೆ. ಚಿತ್ರದ ಅಂಚು ಕತ್ತರಿಸಿಹೋದರೂ ಪರಿಹಾರ ಟಿ.ವಿ.ಯ ಏರ್ಪಾಡಿನಲ್ಲಿಯೇ ಇರುತ್ತದೆ.

ರಾತ್ರಿ ಪಾಳಿಯವರು ಹಗಲು ಮಲಗುವ ಕೋಣೆಗಳಲ್ಲಿ ಸದ್ದಿನ ಪ್ರಶ್ನೆಯೂ ಉಂಟು. ಟಿ.ವಿ.ಗೆ ಬ್ಲೂಟೂತ್ ಹೆಡ್‌ಫೋನನ್ನು ಜೋಡಿಸಿದರೆ ಚಿತ್ರದ ಬದಲು ಧ್ವನಿಯೇ ಹಿಂದೆ ಬಿದ್ದು ಆಟದ ರುಚಿ ಕೆಡುತ್ತದೆ. ಪ್ಲೇಸ್ಟೇಷನ್ ೪ ಮತ್ತು ೫ರ ಕಂಟ್ರೋಲರಿನ ತಳದಲ್ಲಿಯೇ ತಂತಿಯ ಹೆಡ್‌ಫೋನಿಗೆ ಕಿಂಡಿಯಿದೆ. ಹಳೆಯ ಮೊಬೈಲಿನೊಡನೆ ಬಂದು ಮೂಲೆಯಲ್ಲಿ ಬಿದ್ದಿರುವ ದುಂಡು ಮೊನೆಯ ಇಯರ್‌ಫೋನೇ ಅದಕ್ಕೆ ಸಾಕಾಗುತ್ತದೆ.