ಕಲಾಚಿಕಿತ್ಸಕರಿಗೊಂದು ಸಂಘವೇಕೆ?

2018ನೆಯ ಇಸವಿಯ ಆಗಸ್ಟ್ ತಿಂಗಳ ಮಳೆಯನ್ನು ಕೊಡಗಿನವರು ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಮದೆನಾಡು, ಜೋಡುಪಾಲ ಮೊದಲಾದೆಡೆಗಳಲ್ಲಿ ಗುಡ್ಡಗಳೇ ಜರಿದು, ಮನೆ, ಗದ್ದೆ, ಕಾಫಿತೋಟಗಳು ಕೆಸರಿನಡಿ ಹೂತುಹೋದುವು. ಆ ದಿನಗಳಲ್ಲಿ ನಾನು ಮಡಿಕೇರಿಯ ಒಂದು ಗಂಜಿಕೇಂದ್ರದಲ್ಲಿ ಮಕ್ಕಳಿಗೆ ಕಥೆ ಹೇಳಿ ಹೊತ್ತು ಕಳೆಯಿಸುವ ಕೆಲಸವನ್ನು ವಹಿಸಿಕೊಂಡಿದ್ದೆನು.

ಒಂದು ದಿನ ದೂರದೂರಿನ ಗೃಹಸ್ಥನೊಬ್ಬನು ಬಣ್ಣದ ಕಡ್ಡಿಗಳ ಪೆಟ್ಟಿಗೆಗಳೊಡನೆ ಬಂದು, ತಾನು ಕಲಾಚಿಕಿತ್ಸಕನೆಂದು ಹೇಳಿಕೊಂಡು, ನಿಮ್ಮ ಮನೆ ಹೇಗೆ ಬಿದ್ದಿತೋ ಹಾಗೆಯೇ ಬರೆಯಿರಿ ಎಂದು ಮಕ್ಕಳಿಗೆ ಅಪ್ಪಣೆ ಮಾಡಿದನು. ಮಕ್ಕಳು ಬರೆದರು. ಅವನು ಆ ಚಿತ್ರಗಳ ಫೋಟೋ ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದನು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಮುಂದೆ ಎಷ್ಟೋ ದಿನ, ಮಳೆಯ ಸದ್ದು ಕೇಳಿದರೆ ಸಾಕು, ತಾಯಿಯ ಸೆರಗನ್ನು ಬಿಡುತ್ತಿರಲಿಲ್ಲ. “ಮಾಷ್ಟ್ರೇ, ಚಿತ್ರ ಬರೆಯಿಸಿದ್ದಕ್ಕೆ ಹೀಗಾಯಿತೋ?” ಎಂದು ಆ ತಾಯಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಮನುಷ್ಯನು ಕೆಟ್ಟವನಲ್ಲ. ಯಾವುದೋ ಶಿಬಿರದಲ್ಲಿ ಕೆಲವು ದಿನ ಕಲಿತಿದ್ದನಂತೆ, ಅಷ್ಟೆ.

ಕೆಲವು ವಾರಗಳ ತರುವಾಯ ಬೇರೊಬ್ಬ ಮಹಿಳೆ ಬಂದರು. ಅವರು ಏನನ್ನೂ ಬರೆಯಿರೆಂದು ಹೇಳಲಿಲ್ಲ. ಕಾಗದವನ್ನೂ ಬಣ್ಣವನ್ನೂ ಇಟ್ಟು ಪಕ್ಕದಲ್ಲಿ ಕುಳಿತರು. ಆ ಹುಡುಗಿ ಒಂದು ಕೋಳಿಯನ್ನು ಬರೆದಳು. ಮುಂದಿನ ಗುರುವಾರ ಅದೇ ಹೊತ್ತಿಗೆ ಅವರು ಮತ್ತೆ ಬಂದರು, ಮತ್ತೆ ಕೋಳಿ. ಹೀಗೆ ಐದಾರು ವಾರ ಬರಿಯ ಕೋಳಿ! ಅನಂತರ ಕೋಳಿಗೂಡು, ಅದರಾಚೆ ಬಾವಿ, ಕಟ್ಟಕಡೆಗೆ ಮನೆ ಬಂದಿತು. ಪ್ರತಿ ಚಿತ್ರವನ್ನೂ ಅವರು ಲಕೋಟೆಯಲ್ಲಿಟ್ಟು, ಹುಡುಗಿಯ ಹೆಸರನ್ನು ಬರೆದು ಭದ್ರಪಡಿಸುತ್ತಿದ್ದರು. ನಾನು ನೋಡಬಯಸಿದಾಗ, “ಅವಳನ್ನು ಕೇಳಿ, ಮೇಷ್ಟ್ರೇ” ಎಂದರು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಮಾತು ಸ್ವಲ್ಪ ಚುರುಕೆಂದಿತು. ನಿಮಗಿದನ್ನು ಕಲಿಸಿದವರಾರೆಂದು ವಿಚಾರಿಸಲು, ಎರಡು ವರ್ಷದ ವ್ಯಾಸಂಗವಾದ ಮೇಲೆಯೂ ತಾನು ತಿಂಗಳಿಗೊಮ್ಮೆ ಹಿರಿಯರೊಬ್ಬರ ಮುಂದೆ ಕುಳಿತು ತನ್ನ ಕೆಲಸದ ಲೆಕ್ಕವನ್ನು ಒಪ್ಪಿಸಬೇಕೆಂದೂ, ಅದು ತಾನು ಸೇರಿರುವ ಸಂಘದ ಕಟ್ಟಳೆಯೆಂದೂ ತಿಳಿಸಿದರು.

ಇವರಿಬ್ಬರ ಕೈಯಲ್ಲಿದ್ದುದೂ ಅದೇ ಬಣ್ಣದ ಕಡ್ಡಿ, ಇಬ್ಬರ ಬಿರುದೂ ಒಂದೇ. ಇವರಲ್ಲಿ ಭೇದವನ್ನು ಆ ತಾಯಿ ಅರಿಯುವುದೆಂತು?

ಪ್ರಶ್ನೆ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಮೂರು ಬಗೆಯ ವೈದ್ಯರನ್ನು ಹೇಳಿದೆ. ಮದ್ದಿನ ಪಾತ್ರೆ ಪುಸ್ತಕಗಳನ್ನು ಮುಂದಿಟ್ಟುಕೊಂಡು ವೈದ್ಯನಂತೆ ತೋರುವವನು ಛದ್ಮಚರನು. ಪ್ರಸಿದ್ಧರ ಹೆಸರನ್ನು ಹೇಳಿ ಬದುಕುವವನು ಸಿದ್ಧಸಾಧಿತನು. ಮೂರನೆಯವನೇ ನಿಜವಾದ ವೈದ್ಯನು. ಸುಶ್ರುತನಾದರೋ, ಶಾಸ್ತ್ರವನ್ನೋದಿ, ಕರ್ಮವನ್ನು ಕಣ್ಣಾರೆ ಕಂಡು, ಕೈಯಾರೆ ಅಭ್ಯಾಸ ಮಾಡಿ, ರಾಜನ ಅನುಜ್ಞೆಯನ್ನು ಪಡೆದವನೇ ವೃತ್ತಿಗೆ ಇಳಿಯತಕ್ಕದ್ದೆಂದು ವಿಧಿಸಿದನು. ಈಗ ರಾಜನಿಲ್ಲ, ಅವನ ಕೆಲಸವನ್ನು ಕಾನೂನು ಮಾಡಬೇಕು. ಕಾನೂನು ಬರುವವರೆಗೆ ವೃತ್ತಿಯವರೇ ಕೂಡಿ ಮಾಡಿಕೊಳ್ಳಬೇಕು.

ಇಂಗ್ಲೆಂಡಿನಲ್ಲಿ ನಡೆದುದೂ ಹೀಗೆಯೇ. ಏಡ್ರಿಯನ್ ಹಿಲ್ ಎಂಬ ಚಿತ್ರಕಾರನು ಕ್ಷಯರೋಗದಿಂದ ಮಿಡ್‌ಹರ್ಸ್ಟಿನ ಆರೋಗ್ಯಧಾಮದಲ್ಲಿ ಮಲಗಿದ್ದಾಗ, ಹಾಸಿಗೆಯಲ್ಲಿಯೇ ಚಿತ್ರ ಬರೆದು ಚೇತರಿಸಿಕೊಂಡು, ಜೊತೆಯ ರೋಗಿಗಳಿಗೂ ಬರೆಯಲು ಕಲಿಸಿದನು. ‘ಆರ್ಟ್ ಥೆರಪಿ’ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವನು ಇವನೇ. 1964ರಲ್ಲಿ ಅಲ್ಲಿನ ಕಲಾಚಿಕಿತ್ಸಕರು ಸಂಘವನ್ನು ಕಟ್ಟಿದರು. 1969ರಲ್ಲಿ ಅಮೆರಿಕದವರೂ ಕಟ್ಟಿದರು. ಇಂಗ್ಲೆಂಡಿನಲ್ಲಿ ಸರಕಾರದ ನೋಂದಣಿ ದೊರೆತುದು 1997ರಲ್ಲಿ, ಎಂದರೆ ಮೂವತ್ತಮೂರು ವರ್ಷಗಳ ಅನಂತರ. ಈಗ ನೋಂದಾಯಿಸಿಕೊಳ್ಳದವನು ಅಲ್ಲಿ ಆ ಹೆಸರನ್ನು ಧರಿಸುವುದು ಅಪರಾಧವೆನಿಸುತ್ತದೆ.

ಇಂತಹ ಸಂಘದ ಕೆಲಸವು ವಾರ್ಷಿಕ ಸಭೆ, ಹಾರತುರಾಯಿಗಳಲ್ಲಿ ಮುಗಿಯುವುದಲ್ಲ. ಎಷ್ಟು ಕಾಲ ಕಲಿಯಬೇಕು, ಯಾರ ಕೈಕೆಳಗೆ ಪಳಗಬೇಕು, ರೋಗಿಯ ಚಿತ್ರವು ಯಾರ ಸೊತ್ತು, ಅದನ್ನು ಪರರಿಗೆ ತೋರಿಸಬಹುದೇ ಎಂಬುದನ್ನೆಲ್ಲ ಅದು ಗೊತ್ತುಪಡಿಸಬೇಕು. ತಪ್ಪಿದ ಸದಸ್ಯನನ್ನು ವಿಚಾರಿಸಿ ಪಟ್ಟಿಯಿಂದ ತೆಗೆಯುವ ಎದೆಗಾರಿಕೆಯೂ ಬೇಕು. ಚಂದಾ ಕೊಟ್ಟವರಿಗೆಲ್ಲ ಪ್ರಮಾಣಪತ್ರವನ್ನು ಹಂಚುವ ಸಂಘವಾದರೆ ಛದ್ಮಚರನಿಗೆ ಚೌಕಟ್ಟು ಹಾಕಿಕೊಟ್ಟಂತಾಯಿತು!

ನಮ್ಮ ದೇಶದಲ್ಲಿಯೂ ಕಲಾಚಿಕಿತ್ಸಕರು, ನೃತ್ಯಚಿಕಿತ್ಸಕರು ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. 2021ರಲ್ಲಿ ಪಾರ್ಲಿಮೆಂಟು ಆರೋಗ್ಯಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಅಧಿನಿಯಮವನ್ನು ಮಾಡಿದಾಗ ಅದರ ಅನುಸೂಚಿಯಲ್ಲಿ ಈ ವೃತ್ತಿಯೂ ಸೇರಿತು. ಆದರೆ ಅನುಸೂಚಿಯ ಒಂದು ಪಂಕ್ತಿಯು ಮಕ್ಕಂದೂರಿನ ತಾಯಿಗೆ ಕಾಣಿಸದು. ಅವಳಿಗೆ ಬೇಕಾದುದು ಕನ್ನಡದಲ್ಲಿ ಬರೆದ, ತಾಲ್ಲೂಕು ಆಸ್ಪತ್ರೆಯಲ್ಲಿಯೂ ಶಾಲೆಯಲ್ಲಿಯೂ ತೂಗುಹಾಕಿದ ಒಂದು ಹೆಸರುಪಟ್ಟಿ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜೂ ಇದೆ. ಕಲಾಚಿಕಿತ್ಸಕರ ಸಂಘದವರು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಅಲ್ಲಿಗೆ ಬಂದು ಉಪಾಧ್ಯಾಯರನ್ನೂ ದಾದಿಯರನ್ನೂ ಕಲೆಹಾಕಿ, ಗುಡ್ಡ ಜರಿದಾಗ ಮಕ್ಕಳೊಡನೆ ಏನನ್ನು ಮಾಡಬಾರದೆಂಬುದನ್ನಾದರೂ ಹೇಳಿಕೊಡಬಾರದೇಕೆ?

ಅಲ್ಲಿಯವರೆಗೆ ಬಣ್ಣದ ಪೆಟ್ಟಿಗೆಯೊಡನೆ ಬಂದವರನ್ನು ಓದುಗರು ಸಂಕೋಚವಿಲ್ಲದೆ ಕೇಳಬಹುದು: ಎಲ್ಲಿ ಕಲಿತಿರಿ, ಯಾರಿಗೆ ಲೆಕ್ಕ ಒಪ್ಪಿಸುತ್ತೀರಿ, ಮುಂದಿನ ವಾರ ಬರುತ್ತೀರಾ?

ಈ ಲೇಖನದೊಡನೆ ಅಚ್ಚುಹಾಕಲು ಕೋಳಿಯ ಚಿತ್ರವೊಂದನ್ನು ಕೊಡುವೆಯಾ ಎಂದು ಆ ಹುಡುಗಿಯನ್ನು ಕೇಳಿದೆನು. ಈಗ ಎತ್ತರಕ್ಕೆ ಬೆಳೆದಿದ್ದಾಳೆ. ನಕ್ಕು, ಕೊಡುವುದಿಲ್ಲವೆಂದಳು.