ಮೊಸರಿಗೆ ಬಿದ್ದ ನೊಣಗಳು

ಬಿಳಿ ಮೈ, ಅದರ ತುಂಬ ಸಾಸಿವೆ ಎರಚಿದ ಹಾಗೆ ಕರಿ ಚುಕ್ಕೆ. ಇಂಥ ಹಸುವನ್ನು ನಮ್ಮೂರುಗಳಲ್ಲಾದರೆ ‘ಹಂಡ’ ಎಂದು ಕರೆದು ಸುಮ್ಮನಾಗುತ್ತಾರೆ. ದಕ್ಷಿಣ ಆಫ್ರಿಕಾದ ಜುಲು ದನಗಾಹಿಗಳು ಅದಕ್ಕೆ ಇಟ್ಟಿರುವ ಹೆಸರಿನ ಅರ್ಥ ‘ಮೊಸರಿಗೆ ಬಿದ್ದ ನೊಣಗಳು’. ಕೆನೆಬಣ್ಣದ ಮೇಲೆ ಕಂದು ಚುಕ್ಕೆ ಒತ್ತೊತ್ತಾಗಿದ್ದರೆ ‘ನೆಲಗುಬ್ಬಿಯ ಮೊಟ್ಟೆ’. ಮೈಯೆಲ್ಲ ಬೆಳ್ಳಗಿದ್ದು ಕಿವಿ, ಮೂತಿ ಮಾತ್ರ ಕಪ್ಪಾದದ್ದು ‘ದಣಿವಾರಿಸಿಕೊಳ್ಳದ ಹಕ್ಕಿ’. ಅದು ಅರಸರ ಮಂದೆ. ಶಾಕಾ ದೊರೆಯ ಕಾಲದಲ್ಲಿ ದಂಡಿನ ತುಕಡಿಗಳನ್ನು ಗುರಾಣಿಯ ತೊಗಲಿನ ಬಣ್ಣದಿಂದಲೇ ಗುರುತಿಸುತ್ತಿದ್ದರು.

ಈ ತಳಿಯ ಹೆಸರು ಎನ್‌ಗುನಿ. ಬಾಂಟು ಭಾಷಿಕರು ಸಾವಿರದೈನೂರು ವರ್ಷಗಳ ಹಿಂದೆಯೇ ದನ ಹೊಡೆದುಕೊಂಡು ದಕ್ಷಿಣಕ್ಕೆ ಇಳಿದಿದ್ದರು. ಆಫ್ರಿಕಾದ ಡುಬ್ಬವಿಲ್ಲದ ದನಗಳಿಗೆ, ಸಿಂಧೂ ಸೀಮೆ ಮೂಲದ ಡುಬ್ಬದ ದನಗಳ ರಕ್ತ ಬೆರೆತು ಹುಟ್ಟಿದ ಸಾಂಗಾ ಗುಂಪಿಗೆ ಇವು ಸೇರುತ್ತವೆ. ಹೋರಿಯ ಹೆಗಲ ಮೇಲಿನ ಸಣ್ಣ ಡುಬ್ಬ ನಮ್ಮ ದನಗಳ ಕಡೆಯ ದೂರದ ನಂಟು.

ಗಟ್ಟಿ ತಳಿ ಎಂದರೆ ಪ್ರಕೃತಿ ಕೊಟ್ಟ ವರ ಎಂದು ಬರೆಯುವುದು ವಾಡಿಕೆ. ಎನ್‌ಗುನಿಯ ಗಟ್ಟಿತನದ ಹಿಂದೆ ಇರುವುದು ಸಾವಿನ ಲೆಕ್ಕ. ಉಣುಗಿಗೆ ತಡೆಯದ್ದು, ಬರಕ್ಕೆ ಬಾಗಿದ್ದು, ಹೆರಲಾರದ್ದು ಪೀಳಿಗೆ ಪೀಳಿಗೆಯೂ ಸತ್ತಿತು. ಮಿಕ್ಕಿದ್ದು ಕರು ಹಾಕಿತು. ಆದರೆ ಹೊರಗಿನಿಂದ ಬಂದ ರೋಗಕ್ಕೆ ಆ ಗಟ್ಟಿತನವೂ ಸಾಕಾಗಲಿಲ್ಲ. 1853ರಲ್ಲಿ ಮಾಸೆಲ್ ಬೇ ಬಂದರಿಗೆ ಹಡಗಿನಲ್ಲಿ ಬಂದ ಯುರೋಪಿನ ಹೋರಿಗಳೇ ಶ್ವಾಸಕೋಶದ ರೋಗವನ್ನು ತಂದವು. ಆ ಕಂಗಾಲಿನಲ್ಲಿ, ನೊಂಗ್‌ಕಾವುಸೆ ಎಂಬ ಹುಡುಗಿಯ ಭವಿಷ್ಯವಾಣಿ ನಂಬಿದ ಖೋಸಾ ಜನ 1856–57ರಲ್ಲಿ ತಮ್ಮ ದನಗಳನ್ನು ತಾವೇ ಕೊಂದರು. ನಾಲ್ಕು ಲಕ್ಷ ದನ ಹೋದವು, ಹಸಿವಿನಿಂದ ಸುಮಾರು 40,000 ಜನ ಸತ್ತರು ಎಂಬುದು ಇತಿಹಾಸಕಾರರ ಅಂದಾಜು. 1896ರಲ್ಲಿ ದನಗಳ ಪಿಡುಗಾದ ದೊಡ್ಡರೋಗ (ರಿಂಡರ್‌ಪೆಸ್ಟ್) ಜಾಂಬೆಜಿ ನದಿ ದಾಟಿತು. ಎರಡೇ ವರ್ಷದಲ್ಲಿ 25 ಲಕ್ಷಕ್ಕೂ ಹೆಚ್ಚು ದನ ಮಣ್ಣಾದವು. ಮದುವೆಗೆ ತೆರವಾಗಿ ದನವನ್ನೇ ಕೊಡುತ್ತಿದ್ದ ನಾಡು ಅದು. ಮಂದೆ ಹೋಯಿತೆಂದರೆ ಗಂಡುಗಳ ಮದುವೆಯೂ ನಿಂತಂತೆ.

ಇಷ್ಟೆಲ್ಲ ದಾಟಿ ಉಳಿದವಕ್ಕೆ ಸರ್ಕಾರ ಕೊಟ್ಟ ಪಟ್ಟ ‘ಕಳಪೆ’. 1934ರ ಜಾನುವಾರು ಸುಧಾರಣಾ ಕಾಯ್ದೆಯ ಬಲದಿಂದ ಅಧಿಕಾರಿಗಳು ಹಳ್ಳಿಗೆ ಹೋಗಿ, ಕಣ್ಣಿಗೆ ಕಳಪೆಯಾಗಿ ಕಂಡ ಹೋರಿಯ ಬೀಜ ಒಡೆಸಬಹುದಾಗಿತ್ತು. ತಪ್ಪು ಇದ್ದದ್ದು ತಕ್ಕಡಿಯಲ್ಲಿ. ಎನ್‌ಗುನಿ ಹಸು ತೂಗುವುದೇ ಮುನ್ನೂರರಿಂದ ನಾನೂರು ಕಿಲೋ. ಇಂಗ್ಲೆಂಡಿನ ಹಿರ್‌ಫರ್ಡ್ ತಳಿಯ ಪಕ್ಕ ನಿಲ್ಲಿಸಿದರೆ ಬಡಕಲು. ಆದರೆ ಅದರ ಹಿಂಭಾಗ ಇಳಿಜಾರು, ಕರು ಚಿಕ್ಕದು, ಹೆರಿಗೆ ಸಲೀಸು. ಹತ್ತಕ್ಕೂ ಹೆಚ್ಚು ಸೂಲು ಹೆರುವ ಹಸುಗಳು ಈ ತಳಿಯಲ್ಲಿ ಅಪರೂಪವಲ್ಲ. ಒಂದು ದನದ ತೂಕ ಬಿಟ್ಟು, ಒಂದು ಹುಲ್ಲುಗಾವಲಲ್ಲಿ ವರ್ಷಕ್ಕೆ ಎಷ್ಟು ಕರು ಬದುಕಿದವು ಎಂದು ಎಣಿಸಿದ್ದರೆ ಕಾಯ್ದೆಯ ಮಾತೇ ಬೇರೆಯಾಗುತ್ತಿತ್ತು.

ಕಣ್ಣು ತೆರೆಸಿದವರಲ್ಲಿ ವಿಜ್ಞಾನಿ ಯಾನ್ ಬೊನ್ಸ್ಮಾ ಮುಖ್ಯರು. 1930ರ ದಶಕದ ಕೊನೆಯಿಂದ ಅವರು ಮಾರಾ, ಮೆಸ್ಸಿನಾ ಎಂಬ ಬಿಸಿಲುಸೀಮೆಯ ಕೇಂದ್ರಗಳಲ್ಲಿ ದನಗಳ ಮೈ ತಡವುತ್ತ ಕೆಲಸ ಮಾಡಿದರು. ಅವರ ಒಂದು ಪರೀಕ್ಷೆ ನನಗೆ ಬಲು ಇಷ್ಟ: ದನದ ಕೂದಲು ಒಂದಿಷ್ಟು ಕತ್ತರಿಸಿ, ಒದ್ದೆ ಮಾಡಿ, ಅಂಗೈಗಳ ನಡುವೆ ಹೊಸೆಯುವುದು. ಕಂಬಳಿಯಂತೆ ಗಂಟು ಕಟ್ಟಿದರೆ ಆ ದನಕ್ಕೆ ಅಲ್ಲಿನ ಬಿಸಿಲು ತಡೆಯದು, ಉದುರಿಹೋದರೆ ಬದುಕುತ್ತದೆ. ನುಣ್ಣನೆಯ ಗಿಡ್ಡ ಕೂದಲಲ್ಲಿ ಉಣುಗಿಗೂ ಹಿಡಿತ ಸಿಗುವುದು ಕಷ್ಟ. ಕಾಸು ಖರ್ಚಿಲ್ಲದ ಪ್ರಯೋಗ. ಬೊನ್ಸ್ಮಾ ಮತ್ತು ಸಂಗಡಿಗರು 1950ರಲ್ಲಿ ಎನ್‌ಗುನಿಯ ಬಗ್ಗೆಯೇ ವರದಿ ಬರೆದರು. ಆದರೂ ತಳಿಗಾರರ ಸಂಘ ಕಟ್ಟಿಕೊಂಡದ್ದು 1986ರಲ್ಲಿ. ಎನ್‌ಗುನಿಯ ಮೈಯಲ್ಲಿ ಉಣುಗು ಹಿರ್‌ಫರ್ಡ್‌ಗಿಂತ ಕಡಿಮೆ ಎಂಬುದನ್ನೂ ಎಣಿಸಿ ನೋಡಿದ್ದಾಯಿತು.

ಕೊನೆಗೆ ಈಸ್ಟರ್ನ್ ಕೇಪ್‌ನ ಫೋರ್ಟ್ ಹೇರ್ ವಿಶ್ವವಿದ್ಯಾಲಯ ಇವನ್ನು ಹಳ್ಳಿಗೆ ಮರಳಿಸಲು ಹೊರಟಿತು. ಒಂದು ಊರಿಗೆ ಎರಡು ಹೋರಿ, ಹತ್ತು ಗಬ್ಬದ ಕಡಸು. ಐದು ವರ್ಷದ ಮೇಲೆ ಅಷ್ಟೇ ದನ ವಾಪಸು, ಅವು ಇನ್ನೊಂದು ಊರಿಗೆ. ಊರಿನ ಬೆರಕೆ ಹೋರಿಗಳ ಜಾಗಕ್ಕೆ ಎನ್‌ಗುನಿ ಹೋರಿ ಬರಬೇಕೆಂಬುದು ಯೋಜನೆಯ ಆಶಯ. ಅಜ್ಜನ ಹೋರಿ ಕಳಪೆ ಎನ್ನಿಸಿಕೊಂಡ ಅಂಗಳದಲ್ಲೇ ಈಗ ಮೊಮ್ಮಗನ ಹೋರಿ ಕಳಪೆ.

ಮಾರುಕಟ್ಟೆ ಮಾತ್ರ ಇನ್ನೂ ಹಳೆಯ ತಕ್ಕಡಿ ಬಿಟ್ಟಿಲ್ಲ. ದನ ಕೊಬ್ಬಿಸುವ ದೊಡ್ಡ ಫೀಡ್‌ಲಾಟ್‌ಗಳಿಗೆ ಬೇಗ ತೂಕ ಏರುವ ದೊಡ್ಡ ಕರು ಬೇಕು. ಎನ್‌ಗುನಿ ಕರುವಿಗೆ ಅಲ್ಲಿ ಬೆಲೆ ಕಡಿಮೆ. ತೊಗಲಿಗೆ ಮಾತ್ರ ಗಿರಾಕಿಗಳಿದ್ದಾರೆ. ಹದ ಮಾಡಿದ ಚುಕ್ಕೆ ತೊಗಲು ಪೇಟೆ ಮನೆಗಳ ನಡುಮನೆಯಲ್ಲಿ ಹಾಸಾಗಿ ಬಿದ್ದಿರುತ್ತದೆ. ಅದರ ಮೇಲೆ ಕಾಲಿಟ್ಟು ಕೂತವರಲ್ಲಿ ಎಷ್ಟು ಜನಕ್ಕೆ ಆ ನೊಣಗಳ ಹೆಸರು ಗೊತ್ತೋ.